ಬೀಮ್ ಸೆನ್ಸರ್ ಸುಮ್ಮಸುಮ್ಮನೆ ಕೂಗಿದರೆ, ಕೂಗಬೇಕಾದಾಗ ಸುಮ್ಮನಿದ್ದರೆ: ದೋಷ ನಿವಾರಣೆ ಕೈಪಿಡಿ

ತೋಟದ ಬೇಲಿಯ ಪಕ್ಕ, ಗೋದಾಮಿನ ಅಂಗಳದಲ್ಲಿ, ಊರ ಹೊರಗಿನ ಬಡಾವಣೆಯ ಒಂಟಿ ಮನೆಗಳ ಕಾಂಪೌಂಡಿನ ಮೇಲೆ ಅಳವಡಿಸುವ ಅವಕೆಂಪು ಕಿರಣದ ಕಾವಲು ಸಾಧನವನ್ನು ಮೈಸೂರು, ಮಂಡ್ಯದ ಕಡೆ ಎಲ್ಲರೂ ಬೀಮ್ ಸೆನ್ಸರ್ ಎಂದೇ ಕರೆಯುತ್ತಾರೆ. ಒಂದು ಕಂಬದಲ್ಲಿ ಕಿರಣ ಬಿಡುವ ಟ್ರಾನ್ಸ್‌ಮಿಟರ್ ಇರುತ್ತದೆ, ಎದುರು ಕಂಬದಲ್ಲಿ ಅದನ್ನು ಹಿಡಿಯುವ ರಿಸೀವರ್ ಇರುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದ ಹುರಿ ಕಟ್ಟಿದಂತೆ ಕಿರಣ ಹಾಯ್ದಿರುತ್ತದೆ. ಯಾರಾದರೂ ಅಡ್ಡ ಬಂದು ಅದು ಕಡಿದೊಡನೆ ರಿಸೀವರಿನ ಒಳಗಿನ ರಿಲೇ ಎಂಬ ಸ್ವಿಚ್ಚು ಕೆಲಸ ಮಾಡಿ ಸೈರನ್ ಕೂಗುತ್ತದೆ.

ಕಿರಣ ಕಾಣದ ಕಾರಣ ದೋಷವೂ ಕಣ್ಣಿಗೆ ಬೀಳುವುದಿಲ್ಲ. ಅದು ಯಾವ ಹೊತ್ತಿಗೆ, ಯಾವ ಹವೆಯಲ್ಲಿ, ಸುತ್ತ ಏನು ನಡೆಯುತ್ತಿದ್ದಾಗ ಕಾಣಿಸಿಕೊಂಡಿತು ಎಂಬುದರಿಂದಲೇ ಅದನ್ನು ಹಿಡಿಯಬೇಕು. ಆದ್ದರಿಂದ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಒಂದು ವಾರ ಸೈರನ್ ಕೂಗಿದ ಸಮಯವನ್ನೂ ಆಗಿನ ಸ್ಥಿತಿಯನ್ನೂ ಒಂದು ಹಾಳೆಯಲ್ಲಿ ಬರೆದಿಡುವುದು ಅತ್ಯಂತ ಅಗ್ಗದ, ಅತ್ಯಂತ ಉಪಯುಕ್ತವಾದ ಪರೀಕ್ಷೆ. ಸಾಧನ ಕೆಟ್ಟಿದೆ ಎಂದು ಬಿಚ್ಚಿ ಬದಲಾಯಿಸಿದ ಮೇಲೂ ಅದೇ ತೊಂದರೆ ಮುಂದುವರಿಯುವುದು ಸಾಮಾನ್ಯ, ಏಕೆಂದರೆ ಬಹುತೇಕ ದೋಷಗಳು ಸಾಧನದ ಒಳಗಿರುವುದಿಲ್ಲ. ಕಿರಣದ ದಾರಿಯಲ್ಲಿ, ಕಂಬದಲ್ಲಿ ಅಥವಾ ಅದಕ್ಕೆ ಬರುವ ಕರೆಂಟಿನಲ್ಲಿ ಇರುತ್ತವೆ.

ಹಿನ್ನೆಲೆಯಾಗಿ ಸ್ವಲ್ಪ ವಿಜ್ಞಾನ ತಿಳಿದಿರುವುದು ಒಳ್ಳೆಯದು. ರೇಡಿಯೋ ತರಂಗ, ಮೈಕ್ರೋವೇವ್, ಅವಕೆಂಪು, ಕಣ್ಣಿಗೆ ಕಾಣುವ ಬೆಳಕು, ನೇರಳಾತೀತ, ಎಕ್ಸ್‌ರೇ, ಗಾಮಾ ಕಿರಣ ಇವೆಲ್ಲವೂ ವಿದ್ಯುತ್ಕಾಂತೀಯ ವಿಕಿರಣಗಳೇ. ತರಂಗಾಂತರ ಮಾತ್ರ ಬೇರೆ. ನಮಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರಿನದು. ಟಿವಿ ರಿಮೋಟು ಮತ್ತು ಬೀಮ್ ಸೆನ್ಸರುಗಳು ಅದರಾಚೆಯ, ಸಾಮಾನ್ಯವಾಗಿ 940 ನ್ಯಾನೋಮೀಟರಿನ ಆಸುಪಾಸಿನ ಅವಕೆಂಪು ಕಿರಣವನ್ನು ಬಳಸುತ್ತವೆ. 1800ರಲ್ಲಿ ವಿಲಿಯಂ ಹರ್ಷೆಲ್ ಅವರು ಪಟ್ಟಕದಿಂದ ಒಡೆದ ಬಿಸಿಲಿನಲ್ಲಿ ಕೆಂಪು ಬಣ್ಣದಾಚೆ, ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕವಿಟ್ಟು, ಪಾದರಸ ಏರಿದ್ದನ್ನು ನೋಡಿ ಈ ವಿಕಿರಣವನ್ನು ಗುರುತಿಸಿದರು. ಕಾಣದ್ದನ್ನು ಅದರ ಪರಿಣಾಮದಿಂದ ಪತ್ತೆಹಚ್ಚುವ ಅದೇ ಮಾರ್ಗ ಇಲ್ಲಿಯೂ ನಮ್ಮದು.

ಸುತ್ತಲಿನ ಬಿಸಿಲಿನಲ್ಲೂ ಅವಕೆಂಪು ಧಾರಾಳವಾಗಿರುವುದರಿಂದ, ಟ್ರಾನ್ಸ್‌ಮಿಟರ್ ತನ್ನ ಕಿರಣವನ್ನು ಒಂದೇ ಸಮನೆ ಬಿಡದೆ ಅತಿ ವೇಗದ ಮಿಡಿತಗಳಾಗಿ ಬಿಡುತ್ತದೆ. ರಿಸೀವರ್ ಆ ಮಿಡಿತವನ್ನು ಮಾತ್ರ ಹುಡುಕುತ್ತದೆ. ಮುಂದೆ ಹೇಳುವ ಹಲವು ಲಕ್ಷಣಗಳಿಗೆ ಈ ಒಂದು ಸಂಗತಿಯೇ ಕೀಲಿಕೈ.

ಕೆಲಸಕ್ಕೆ ಇಳಿಯುವ ಮುನ್ನ

ರಾತ್ರಿ ಸೈರನ್ ಕೂಗಿದಾಗ ಕಂಬದ ಹತ್ತಿರ ಹೋಗಿ ಪರೀಕ್ಷಿಸಬಾರದು. ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ, ತಿರುಮಕೂಡಲು ನರಸೀಪುರದ ಸುತ್ತ ಚಿರತೆಯ ಓಡಾಟವಿದೆ. ಹೆಗ್ಗಡದೇವನಕೋಟೆ, ಸರಗೂರಿನ ಕಾಡಂಚಿನಲ್ಲಿ ಆನೆ ಬರುತ್ತದೆ. ಸುಳ್ಳು ಕೂಗು ಎಂದು ಹತ್ತು ಸಲ ಅನ್ನಿಸಿದ್ದರೂ ಹನ್ನೊಂದನೆಯದು ನಿಜವಿರಬಹುದು. ಮನೆಯೊಳಗಿಂದಲೇ ದೀಪ ಹಾಕಿ ನೋಡಿ, ಸಂದೇಹವಿದ್ದರೆ 112ಕ್ಕೆ, ಕಾಡುಪ್ರಾಣಿಯಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಸಾಧನದ ತಪಾಸಣೆಯನ್ನು ಬೆಳಕು ಹರಿದ ಮೇಲೆ ಇಟ್ಟುಕೊಳ್ಳಬೇಕು. ಹಗಲಿನಲ್ಲೂ ಕಂಬದ ಬುಡದ ಪೊದೆಗೆ ಕೈ ಹಾಕುವ ಮೊದಲು ಕೋಲಿನಿಂದ ಬಡಿದು ನೋಡಿ. ಡಬ್ಬಿಯ ಹಿಂದೆ ಕಡಜದ ಗೂಡು ಇರುವುದುಂಟು.

ಸಾಧನ ನಡೆಯುವುದು 12 ವೋಲ್ಟಿನಲ್ಲಾದರೂ ಅದಕ್ಕೆ ಕರೆಂಟು ಕೊಡುವ ಅಡಾಪ್ಟರ್ 230 ವೋಲ್ಟಿನದು. ಅಡಾಪ್ಟರ್ ಇರುವ ಪೆಟ್ಟಿಗೆಯನ್ನು ಮುಟ್ಟುವ ಮುನ್ನ ಮೈನ್ ಆಫ್ ಮಾಡಿರಬೇಕು. ಒದ್ದೆ ನೆಲದಲ್ಲಿ ನಿಂತು ಅದನ್ನು ತೆರೆಯಲೇಬಾರದು. ಆ ಲೈನಿಗೆ ಕರೆಂಟು ಸೋರಿದೊಡನೆ ಲೈನನ್ನು ತಾನಾಗಿ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿಕೊಳ್ಳುವುದು ಮೊದಲ ದುರಸ್ತಿ. ಗುಡುಗು ಕೇಳಿಸುತ್ತಿರುವಾಗ, ವಿಶೇಷವಾಗಿ ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆಯ ಸಂಜೆಗಳಲ್ಲಿ, ಬಯಲಿನ ಕಂಬದ ಬಳಿ ನಿಲ್ಲಬಾರದು.

ಕಣ್ಣಿನ ವಿಷಯ. ಅವಕೆಂಪು ಕಿರಣ ಎಕ್ಸ್‌ರೇಯಂತೆ ಪರಮಾಣುಗಳಿಂದ ಎಲೆಕ್ಟ್ರಾನನ್ನು ಕೀಳುವಷ್ಟು ಶಕ್ತಿಯದಲ್ಲ, ಆದ್ದರಿಂದ ಅದು ಹಾಯುವ ಜಾಗದಲ್ಲಿ ಓಡಾಡಿದರೆ ಮೈಗೆ ಕೇಡು ಎಂಬ ಭಯ ಬೇಡ. ಆದರೆ ಪ್ರಖರವಾದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವಂತೆ ಕಾಣದ ಕಿರಣಕ್ಕೆ ಮುಚ್ಚುವುದಿಲ್ಲ. ಆದ್ದರಿಂದ ಚಾಲೂ ಇರುವ ಟ್ರಾನ್ಸ್‌ಮಿಟರಿನ ಮಸೂರಕ್ಕೆ ಕಣ್ಣು ಹತ್ತಿರ ತಂದು ನೋಡುವುದು, ದುರ್ಬೀನಿನಿಂದ ಅದನ್ನು ದಿಟ್ಟಿಸುವುದು ಸಲ್ಲದು. ಲೇಸರ್ ಎಂದು ಗುರುತು ಹಾಕಿರುವ ಮಾದರಿಯನ್ನು ಬಿಚ್ಚಲೇಬಾರದು. ಇದಕ್ಕಿಂತ ದೊಡ್ಡ ಅಪಾಯ, ಸಾಧನವನ್ನು ಎದುರು ಕಂಬಕ್ಕೆ ನೇರವಾಗಿ ಹೊಂದಿಸಲು ಗುರಿ ನೋಡುವ ಕಿಂಡಿಯದು: ಎದುರು ಕಂಬದ ಹಿಂದೆ ಸೂರ್ಯನಿರುವಾಗ ಆ ಕಿಂಡಿಯಲ್ಲಿ ಇಣುಕಿದರೆ ಕಣ್ಣಿಗೆ ಶಾಶ್ವತ ಹಾನಿಯಾಗಬಹುದು.

ಬೇಕಾದ ಸಾಮಾನು ಹೆಚ್ಚಿಲ್ಲ: ಹತ್ತಿಯ ಬಟ್ಟೆ, ನೀರು, ತುಸು ಸೋಪು, ಒಂದು ಅಗಲವಾದ ಹಲಗೆ, ಸಾಮಾನ್ಯ ಮಲ್ಟಿಮೀಟರ್, ಮೊಬೈಲ್ ಫೋನ್, ಒಂದು ಟಿವಿ ರಿಮೋಟ್. ಸಾಧನದ ಜೊತೆ ಬಂದ ಪುಸ್ತಿಕೆ ಕಳೆದಿದ್ದರೆ ಮಾದರಿಯ ಸಂಖ್ಯೆ ಬರೆದುಕೊಂಡು ಮಾರಿದವರಿಂದ ಪ್ರತಿ ತರಿಸಿಕೊಳ್ಳಿ.

ಬೆಳಿಗ್ಗೆ ಅಥವಾ ಸಂಜೆ ಮಾತ್ರ ಕೂಗುತ್ತದೆ

ಹೊತ್ತು ನಿಗದಿಯಾಗಿದ್ದರೆ ಕಾರಣ ಹೆಚ್ಚಾಗಿ ಆಕಾಶದಲ್ಲಿರುತ್ತದೆ. ಸೂರ್ಯ ಹುಟ್ಟಿದ ನಂತರದ ಅಥವಾ ಮುಳುಗುವ ಮುನ್ನಿನ ಅರ್ಧ ಗಂಟೆಯಲ್ಲಿ, ಮೋಡವಿಲ್ಲದ ದಿನಗಳಲ್ಲಿ ಮಾತ್ರ ಕೂಗುತ್ತಿದ್ದರೆ, ರಿಸೀವರ್ ಯಾವ ದಿಕ್ಕಿಗೆ ಮುಖ ಮಾಡಿದೆ ನೋಡಿ. ರಿಸೀವರ್ ಮಿಡಿಯುವ ಕಿರಣವನ್ನಷ್ಟೇ ಹುಡುಕುತ್ತದೆ ಎಂದು ಹೇಳಿದೆ. ಆದರೂ ನೇರ ಬಿಸಿಲು ಮಸೂರದ ಮೂಲಕ ಒಳಹೊಕ್ಕು ಅದರ ಗ್ರಾಹಕವನ್ನು ತುಂಬಿಬಿಟ್ಟರೆ, ಮಿಡಿತ ಬರುತ್ತಿದ್ದರೂ ಅದಕ್ಕೆ ತಿಳಿಯದೆ ಹೋಗುತ್ತದೆ. ಕಿರಣ ಕಡಿದಂತೆಯೇ ಅದು ವರ್ತಿಸುತ್ತದೆ.

ಈ ದೋಷಕ್ಕೆ ಒಂದು ವಿಚಿತ್ರ ಗುಣವಿದೆ, ಅದನ್ನು ತಿಳಿಯದೆ ಹಣ ಕಳೆದುಕೊಳ್ಳುವವರಿದ್ದಾರೆ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಇಲ್ಲಿ ಸೂರ್ಯ ಹುಟ್ಟುವ ಜಾಗ ಜೂನಿನಲ್ಲಿ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿಯುತ್ತದೆ. ಹೀಗಾಗಿ ಒಂದು ನಿರ್ದಿಷ್ಟ ದಿಕ್ಕಿಗೆ ಮುಖ ಮಾಡಿದ ರಿಸೀವರಿಗೆ ಉದಯಸೂರ್ಯ ನೇರ ಎದುರಾಗುವುದು ಸಾಮಾನ್ಯವಾಗಿ ವರ್ಷದಲ್ಲಿ ಎರಡು ಅವಧಿಗಳಲ್ಲಿ, ಕೆಲವೇ ದಿನ. ನೇರ ಪೂರ್ವಕ್ಕೆ ತಿರುಗಿರುವುದಕ್ಕೆ ಅದು ಮಾರ್ಚ್ ಮತ್ತು ಸೆಪ್ಟೆಂಬರಿನ ಮೂರನೇ ವಾರದ ಆಸುಪಾಸು. ಮಾರ್ಚಿನಲ್ಲಿ ಕೂಗಾಟ ಶುರುವಾದಾಗ ಸಾಧನ ಬದಲಾಯಿಸುತ್ತಾರೆ. ಸೂರ್ಯ ಸರಿದಿರುತ್ತಾನೆ, ಕೂಗಾಟ ನಿಲ್ಲುತ್ತದೆ. ಹೊಸ ಸಾಧನದಿಂದ ಸರಿಹೋಯಿತು ಎಂದುಕೊಳ್ಳುತ್ತಾರೆ. ಸೆಪ್ಟೆಂಬರಿನಲ್ಲಿ ಮತ್ತೆ ಅದೇ ತೊಂದರೆ. ಪರೀಕ್ಷೆಗೆ ಖರ್ಚಿಲ್ಲ: ಕೂಗುವ ಹೊತ್ತಿಗೆ ರಿಸೀವರಿನ ಪಕ್ಕದಲ್ಲಿ ನಿಂತು, ಕಿರಣದ ದಾರಿಯನ್ನು ಬಿಟ್ಟು ಸೂರ್ಯನ ಬಿಸಿಲಷ್ಟಕ್ಕೇ ಹಲಗೆಯ ನೆರಳು ಬೀಳುವಂತೆ ಹಿಡಿದಾಗ, ಕಿರಣ ಕಡಿದರೆ ಹತ್ತುವ ರಿಸೀವರಿನ ಕೆಂಪು ದೀಪ ಆರಿದರೆ ಕಾರಣ ಬಿಸಿಲೇ. ಮಸೂರದ ಮೇಲೆ ಸೂರುಪಟ್ಟಿ ಇಟ್ಟು ನೋಡಿ. ಸೂರ್ಯ ತೀರಾ ಕೆಳಗಿರುವಾಗ ಅದು ಸಾಲದಿದ್ದರೆ ಟ್ರಾನ್ಸ್‌ಮಿಟರ್ ಮತ್ತು ರಿಸೀವರಿನ ಜಾಗವನ್ನು ಅದಲುಬದಲು ಮಾಡಿ, ರಿಸೀವರ್ ಮರ ಅಥವಾ ಕಟ್ಟಡವನ್ನು ಹಿನ್ನೆಲೆಯಾಗಿ ಉಳ್ಳ ಕಡೆಗೆ ನೋಡುವಂತೆ ಮಾಡುವುದೇ ಸರಿಯಾದ ಪರಿಹಾರ.

ಬಿಸಿಲೇ ಇಲ್ಲದ ಬೆಳಗಿನಲ್ಲಿ ಕೂಗುತ್ತಿದ್ದರೆ ಮಂಜನ್ನೂ ಇಬ್ಬನಿಯನ್ನೂ ಗಮನಿಸಿ. ಡಿಸೆಂಬರ್, ಜನವರಿಯಲ್ಲಿ ಶ್ರೀರಂಗಪಟ್ಟಣದ ನದಿಯಂಚಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ ಬಯಲಿನಲ್ಲಿ ದಟ್ಟ ಮಂಜು ಕವಿಯುತ್ತದೆ. ಅವಕೆಂಪು ಕಿರಣ ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ನಂಬಿಕೆ ತಪ್ಪು. ಮಂಜಿನ ಹನಿಗಳು ಈ ಕಿರಣದ ತರಂಗಾಂತರಕ್ಕಿಂತ ಹಲವು ಪಟ್ಟು ದೊಡ್ಡವು. ಕಾಣುವ ಬೆಳಕನ್ನು ಚದುರಿಸುವಷ್ಟೇ ಇದನ್ನೂ ಚದುರಿಸುತ್ತವೆ. ಒಳ್ಳೆಯ ಸಾಧನಗಳಲ್ಲಿ ಕಿರಣದ ಬಹುಪಾಲು ಕುಗ್ಗಿದರೂ ತಾಳಿಕೊಳ್ಳುವಷ್ಟು ಮೀಸಲು ಇರುತ್ತದೆ, ಆದರೆ ಗುರಿ ತಪ್ಪಿದ್ದರೆ ಅಥವಾ ಹೊದಿಕೆಯ ಮೇಲೆ ಧೂಳು ಕೂತಿದ್ದರೆ ಆ ಮೀಸಲು ಮೊದಲೇ ಖರ್ಚಾಗಿರುತ್ತದೆ. ಆದ್ದರಿಂದ ಪ್ರತಿ ಮಂಜಿಗೂ ಕೂಗುವ ಸಾಧನದ ನಿಜವಾದ ದೋಷ ಮಂಜಲ್ಲ, ಗುರಿ. ಹೊದಿಕೆಯನ್ನು ಸೋಪುನೀರಿನ ಬಟ್ಟೆಯಿಂದ ಒರೆಸಿ. ಥಿನ್ನರ್, ಪೆಟ್ರೋಲ್ ಸೋಕಿಸಿದರೆ ಆ ಪ್ಲಾಸ್ಟಿಕ್ ಸೀಳು ಬಿಡುತ್ತದೆ.

ಹೊತ್ತುಗೊತ್ತಿಲ್ಲದೆ ಕೂಗುತ್ತದೆ

ಮೊದಲು ದಾರಿ ನಡೆದು ನೋಡಬೇಕು. ರಿಸೀವರಿನ ಪಕ್ಕದಿಂದ ಟ್ರಾನ್ಸ್‌ಮಿಟರಿನವರೆಗೆ ಕಿರಣದ ಎತ್ತರಕ್ಕೇ ಕಣ್ಣಿಟ್ಟು ನಿಧಾನವಾಗಿ ನಡೆಯಿರಿ. ನಾಟಿ ಮಾಡಿದಾಗ ಮೊಣಕಾಲಿಗೂ ಬಾರದ ಕಬ್ಬು ಕೆಲವೇ ತಿಂಗಳಲ್ಲಿ ತಲೆ ಮೀರುತ್ತದೆ, ಅದರ ಗರಿ ಗಾಳಿಗೆ ಬಾಗಿ ದಾರಿಗೆ ಬೀಳುತ್ತದೆ. ಜೋತುಬಿದ್ದ ತೆಂಗಿನ ಗರಿ, ಬೇಲಿಗೆ ಹಬ್ಬಿದ ಬಳ್ಳಿ, ಒಣಹಾಕಿದ ಸೀರೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗಾಳಿಯಿಲ್ಲದಾಗ ನೋಡಿ ಅಡ್ಡಿ ಏನೂ ಇಲ್ಲ ಎಂದು ತೀರ್ಮಾನಿಸಬಾರದು. ಗಾಳಿ ಬೀಸುವಾಗ ಇನ್ನೊಮ್ಮೆ ನೋಡಬೇಕು.

ನಂತರ ಹೊದಿಕೆಯ ಮುಂದಿನ ಜೇಡರ ಬಲೆ. ದೂರದ ದಾರಿಯಲ್ಲಿರುವ ಬಲೆಗಿಂತ ಮಸೂರದ ಹತ್ತಿರವೇ ಕಟ್ಟಿದ ಬಲೆ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಅಲ್ಲಿ ಜೇಡ ಓಡಾಡಿದರೆ ಅಥವಾ ಒಂದು ಚಿಟ್ಟೆ ಸಿಕ್ಕಿಬಿದ್ದರೆ ಮಸೂರದ ಗಣನೀಯ ಭಾಗವೇ ಮುಚ್ಚಿಹೋಗುತ್ತದೆ. ಡಬ್ಬಿಯ ಒಳಕ್ಕೆ ಇರುವೆ, ಹಲ್ಲಿ ಹೋಗುವ ತೂತು ಸಾಮಾನ್ಯವಾಗಿ ವೈರು ಒಳಬರುವ ಜಾಗ. ಅದನ್ನು ಸಿಲಿಕೋನಿನಿಂದ ಮುಚ್ಚಿ, ಆದರೆ ಕೆಳಗೆ ನೀರು ಸೋರಿಹೋಗಲು ಬಿಟ್ಟಿರುವ ಕಿಂಡಿಯನ್ನು ಮುಚ್ಚಬೇಡಿ.

ಇವೆಲ್ಲ ಸರಿಯಿದ್ದರೆ ಕಂಬವನ್ನು ಕೈಯಿಂದ ಅಲುಗಾಡಿಸಿ. ಇದನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. 60 ಮೀಟರ್ ದೂರದಲ್ಲಿ ಒಂದೇ ಒಂದು ಡಿಗ್ರಿ ವಾಲಿದರೂ ಗುರಿ ಒಂದು ಮೀಟರಿಗಿಂತ ತುಸು ಹೆಚ್ಚೇ ಸರಿಯುತ್ತದೆ. ನೀರು ಹಾಯುವ ಗದ್ದೆಯ ಬದುವಿನಲ್ಲಿ, ನೆಂದರೆ ಉಬ್ಬಿ ಒಣಗಿದರೆ ಬಿರಿಯುವ ಕಪ್ಪುಮಣ್ಣಿನಲ್ಲಿ ನೆಟ್ಟ ಕಂಬ ಒಂದು ಹಂಗಾಮಿನಲ್ಲೇ ಇಷ್ಟು ವಾಲಬಲ್ಲದು. ದನ ಮೈಯುಜ್ಜುವ ಕಂಬವಂತೂ ಪ್ರತಿದಿನ ಗುರಿ ಬದಲಿಸುತ್ತದೆ. ಕಂಬಕ್ಕೆ ಕಾಂಕ್ರೀಟು ಹಾಕಿ ಗಟ್ಟಿ ಮಾಡದೆ ಗುರಿಯನ್ನು ಎಷ್ಟು ಸಲ ಸರಿಪಡಿಸಿದರೂ ಪ್ರಯೋಜನವಿಲ್ಲ.

ಗುರಿ ಹೊಂದಿಸುವ ಕ್ರಮ ಹೀಗೆ. ಹಲವು ಮಾದರಿಗಳ ರಿಸೀವರಿನಲ್ಲಿ ಮಲ್ಟಿಮೀಟರಿನ ಕಡ್ಡಿ ಇಡಲು ಪರೀಕ್ಷಾ ಕಿಂಡಿ ಇರುತ್ತದೆ. ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಮೊದಲು ಅಡ್ಡಡ್ಡ, ಆಮೇಲೆ ಮೇಲೆ ಕೆಳಗೆ ತಿರುಪು ತಿರುಗಿಸುತ್ತ ಅಂಕಿ ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿ. ಅದೇ ಕೆಲಸವನ್ನು ಟ್ರಾನ್ಸ್‌ಮಿಟರ್ ಕಡೆಯೂ ಮಾಡಿ. ಬಂದ ಅಂಕಿಯನ್ನು ಪುಸ್ತಿಕೆಯ ಅಂಕಿಯೊಂದಿಗೆ ಹೋಲಿಸಿ. ಎರಡು ಕಿರಣದ ಮಾದರಿಯಲ್ಲಿ ಒಂದು ಮಸೂರವನ್ನು ದಪ್ಪ ರಟ್ಟಿನಿಂದ ಮುಚ್ಚಿ ಇನ್ನೊಂದನ್ನು ಪ್ರತ್ಯೇಕವಾಗಿ ಅಳೆಯಬೇಕು, ಇಲ್ಲವಾದರೆ ಗಟ್ಟಿಯಾದ ಕಿರಣ ಸೋತ ಕಿರಣವನ್ನು ಮರೆಮಾಚುತ್ತದೆ. ರಿಸೀವರಿನ ಕೆಂಪು ದೀಪ ಆರಿದೆ ಎಂದಾಕ್ಷಣ ಗುರಿ ಸರಿಯಿದೆ ಎಂದುಕೊಳ್ಳುವುದು ಸಾಲದು. ಕಿರಣ ಅಂತೂ ಇಂತೂ ತಲುಪುತ್ತಿದೆ ಎಂದಷ್ಟೇ ಅದರರ್ಥ.

ಕೊನೆಯದು ಪ್ರತಿಕ್ರಿಯೆಯ ಅವಧಿ, ಅಂದರೆ ಕಿರಣ ಎಷ್ಟು ಹೊತ್ತು ಕಡಿದರೆ ಕೂಗಬೇಕು ಎಂಬ ಹೊಂದಿಕೆ. ಇದು ಮಿಲಿಸೆಕೆಂಡುಗಳಲ್ಲಿರುತ್ತದೆ. ಸೆಕೆಂಡಿಗೆ 8 ಮೀಟರಿನಂತೆ ಹಾರುವ, 20 ಸೆಂಟಿಮೀಟರ್ ಉದ್ದದ ಹಕ್ಕಿ ಕಿರಣವನ್ನು 25 ಮಿಲಿಸೆಕೆಂಡು ಕಡಿಯುತ್ತದೆ. ಸೆಕೆಂಡಿಗೆ 1.2 ಮೀಟರಿನಂತೆ ನಡೆಯುವ, ಮೈ ದಪ್ಪ 30 ಸೆಂಟಿಮೀಟರಿರುವ ಮನುಷ್ಯ 250 ಮಿಲಿಸೆಕೆಂಡು ಕಡಿಯುತ್ತಾನೆ; ಅವನೇ ಸೆಕೆಂಡಿಗೆ 6 ಮೀಟರಿನಂತೆ ಓಡಿದರೆ ಕೇವಲ 50. ಸುಳ್ಳು ಕೂಗು ನಿಲ್ಲಿಸಬೇಕೆಂದು ಈ ಅವಧಿಯನ್ನು 500ಕ್ಕೆ ತಿರುಗಿಸಿಬಿಟ್ಟರೆ ಹಕ್ಕಿಯ ಕಾಟ ಖಂಡಿತ ತಪ್ಪುತ್ತದೆ, ಕಳ್ಳ ಆರಾಮವಾಗಿ ನಡೆದುಕೊಂಡು ಒಳಬಂದರೂ ಸೈರನ್ ಕೂಗುವುದಿಲ್ಲ. ಆದ್ದರಿಂದ ಈ ತಿರುಪನ್ನು ಎಲ್ಲಕ್ಕಿಂತ ಕೊನೆಗೆ, ತೀರಾ ಸ್ವಲ್ಪವೇ ಮುಟ್ಟಬೇಕು. ಓಡಿಬರುವ ದಾರಿಯಿರುವಲ್ಲಿ ಮುಟ್ಟಲೇಬಾರದು.

ಅಡ್ಡ ದಾಟಿದರೂ ಕೂಗುವುದಿಲ್ಲ

ಎಲ್ಲ ಲಕ್ಷಣಗಳಲ್ಲಿ ನಾನು ಅತ್ಯಂತ ಗಂಭೀರವೆಂದು ಭಾವಿಸುವುದು ಇದನ್ನೇ, ಏಕೆಂದರೆ ಇದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ತಿಂಗಳಿಗೊಮ್ಮೆಯಾದರೂ ದಾಟಿ ನೋಡದಿದ್ದರೆ ಗೊತ್ತಾಗುವುದೇ ಇಲ್ಲ.

ದಾಟಿ ನೋಡುವಾಗ ಕೈ ಅಡ್ಡ ಹಿಡಿದರೆ ಸಾಲದು. ಎರಡು ಕಿರಣದ ಸಾಧನ ಎರಡೂ ಒಟ್ಟಿಗೆ ಕಡಿದಾಗ ಮಾತ್ರ ಕೂಗುವಂತೆ ಮಾಡಿರುತ್ತಾರೆ. ಕರಿ ಪ್ಲಾಸ್ಟಿಕ್ ಹಾಳೆಯನ್ನು ಅಡ್ಡ ಹಿಡಿದು ಪರೀಕ್ಷಿಸುವುದೂ ತಪ್ಪು ದಾರಿ. ನಮ್ಮ ಕಣ್ಣಿಗೆ ಕಪ್ಪಾಗಿ ಕಾಣುವ ಕೆಲವು ಪ್ಲಾಸ್ಟಿಕ್ಕುಗಳ ಮೂಲಕ ಈ ಕಿರಣ ಸಲೀಸಾಗಿ ಹಾದುಹೋಗುತ್ತದೆ. ಸಾಧನದ ಹೊದಿಕೆಯೇ ಅಂಥದು. ಹಲಗೆ ಅಥವಾ ತಗಡು ಬಳಸಿ.

ಟ್ರಾನ್ಸ್‌ಮಿಟರಿನ ಮುಂದೆಯೇ ಹಲಗೆ ಇಟ್ಟರೆ ರಿಸೀವರಿನ ದೀಪ ಬದಲಾಗುತ್ತದೆ, ಆದರೆ ನಡುದಾರಿಯಲ್ಲಿ ಮನುಷ್ಯ ದಾಟಿದರೆ ಬದಲಾಗುವುದಿಲ್ಲ ಎಂದಾದರೆ ಕಿರಣ ಬೇರೆ ದಾರಿಯಿಂದ ಬರುತ್ತಿದೆ. ಪಕ್ಕದಲ್ಲಿ ಸುಣ್ಣ ಬಳಿದ ಗೋಡೆ, ಹೊಳೆಯುವ ತಗಡಿನ ಶೆಡ್ಡು, ನಿಲ್ಲಿಸಿದ ಕಾರು ಇದ್ದರೆ ಕಿರಣ ಅದಕ್ಕೆ ತಾಗಿ ಚಿಮ್ಮಿ ರಿಸೀವರ್ ತಲುಪುತ್ತದೆ. ಹತ್ತಿರದ ಕಂಬಗಳಿಗೆ ದೂರದ ವ್ಯಾಪ್ತಿಯ, ಅಂದರೆ ಅಗತ್ಯಕ್ಕಿಂತ ಬಲವಾದ ಸಾಧನ ಹಾಕಿದಾಗ ಇದು ಹೆಚ್ಚು. ಗುರಿಯನ್ನು ಗೋಡೆಯಿಂದ ದೂರ ಸರಿಸಿ, ಶಕ್ತಿ ಕಡಿಮೆ ಮಾಡುವ ಹೊಂದಿಕೆ ಇದ್ದರೆ ಬಳಸಿ.

ಒಂದೇ ಸಾಲಿನಲ್ಲಿ ಎರಡು ಮೂರು ಜೋಡಿ ಸಾಧನಗಳಿದ್ದರೆ, ಒಂದನೆಯ ಜೋಡಿಯ ಕಿರಣ ಎರಡನೆಯದರ ರಿಸೀವರಿಗೆ ಸಿಗುತ್ತಿರಬಹುದು. ತನ್ನ ಟ್ರಾನ್ಸ್‌ಮಿಟರಿನ ವೈರು ಕಳಚಿದರೂ ರಿಸೀವರ್ ಸುಮ್ಮನಿದ್ದರೆ ಇದು ಖಚಿತ. ಪ್ರತಿ ಜೋಡಿಗೂ ಬೇರೆ ಬೇರೆ ಮಿಡಿತದ ಚಾನೆಲ್ ಇಡುವ ಪುಟ್ಟ ಸ್ವಿಚ್ಚುಗಳು ಒಳಗಿರುತ್ತವೆ. ಜೋಡಿಯ ಎರಡೂ ತುದಿಯಲ್ಲಿ ಒಂದೇ ಚಾನೆಲ್, ಅಕ್ಕಪಕ್ಕದ ಜೋಡಿಗಳಲ್ಲಿ ಬೇರೆ ಚಾನೆಲ್ ಇರಬೇಕು. ಆ ಸೌಲಭ್ಯ ಇಲ್ಲದಿದ್ದರೆ ಎರಡು ಟ್ರಾನ್ಸ್‌ಮಿಟರುಗಳನ್ನು ನಡುವಿನ ಕಂಬದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುವುದೇ ದಾರಿ.

ರಿಸೀವರಿನ ದೀಪ ಸರಿಯಾಗಿ ಬದಲಾಗುತ್ತಿದ್ದು ಸೈರನ್ ಮಾತ್ರ ಮೌನವಾಗಿದ್ದರೆ ಕಿರಣದ ಕಡೆ ನೋಡುವುದನ್ನು ಬಿಟ್ಟು ವೈರಿನ ಕಡೆ ನೋಡಬೇಕು. ಹಿಂದೆ ಯಾವಾಗಲೋ ಕೂಗಾಟ ತಾಳಲಾರದೆ ಯಾರೋ ಪ್ಯಾನೆಲಿನ, ಅಂದರೆ ಸೆನ್ಸರಿನ ವೈರು ಬಂದು ಸೇರುವ, ಸೈರನ್ ಕೂಗಿಸುವ ಪೆಟ್ಟಿಗೆಯ, ಎರಡು ವೈರುಗಳನ್ನು ಹೊಸೆದು ಕಟ್ಟಿರುತ್ತಾರೆ, ಅದು ಹಾಗೆಯೇ ಉಳಿದಿರುತ್ತದೆ. ಪ್ಯಾನೆಲಿನಿಂದ ಆ ಎರಡು ವೈರುಗಳನ್ನು ಬಿಡಿಸಿ, ಒಬ್ಬರು ಕಿರಣಕ್ಕೆ ಅಡ್ಡ ನಿಂತಿರುವಾಗ ಮಲ್ಟಿಮೀಟರಿನಲ್ಲಿ ಅವುಗಳ ನಡುವಿನ ರೋಧ ಅಳೆಯಿರಿ. ಕಿರಣ ಕಡಿದಾಗ ತೆರೆದುಕೊಳ್ಳುವ ಸಾಮಾನ್ಯ ಜೋಡಣೆಯಲ್ಲಿ ಸರ್ಕ್ಯೂಟು ತೆರೆದಿರಬೇಕು. ತೆರೆಯದಿದ್ದರೆ ದಾರಿಯಲ್ಲೆಲ್ಲೋ ವೈರುಗಳು ಕೂಡಿಕೊಂಡಿವೆ ಅಥವಾ ರಿಲೇಯ ತುದಿಗಳು ಅಂಟಿಕೊಂಡಿವೆ. ವೈರು ಸರಿಯಿದೆಯೇ ಎಂದು ಪ್ಯಾನೆಲಿಗೆ ತಿಳಿಯಲೆಂದು ವೈರಿನ ಕೊನೆಗೆ ಹಾಕಬೇಕಾದ ರೆಸಿಸ್ಟರನ್ನು ಸೆನ್ಸರಿನ ತುದಿಯಲ್ಲಿ ಹಾಕದೆ ಪ್ಯಾನೆಲಿನೊಳಗೇ ಹಾಕಿದ್ದರೆ ವೈರು ಕೂಡಿಕೊಂಡದ್ದು ಪ್ಯಾನೆಲಿಗೆ ತಿಳಿಯುವುದೇ ಇಲ್ಲ. ಅದನ್ನು ಸೆನ್ಸರಿನ ತುದಿಗೆ ಸಾಗಿಸಬೇಕು.

ಪಂಪ್‌ಸೆಟ್ ಶುರುವಾದಾಗ, ಕರೆಂಟು ಹೋಗಿ ಬಂದಾಗ ಕೂಗುತ್ತದೆ

ಮೂರು ಫೇಸ್ ಕರೆಂಟು ಬಂದು ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತಿಗೆ ಕೂಗಿದರೆ ಸಂದೇಹ ಅಡಾಪ್ಟರು ಮತ್ತು ಬ್ಯಾಟರಿಯ ಮೇಲೆ. ನೇರವಾಗಿ ಶುರುವಾಗುವ ಮೋಟಾರು ಆರಂಭದಲ್ಲಿ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ ವೋಲ್ಟೇಜು ಕ್ಷಣಕಾಲ ಕುಸಿಯುತ್ತದೆ. ಬ್ಯಾಟರಿ ಗಟ್ಟಿಯಾಗಿದ್ದರೆ ಸೆನ್ಸರಿಗೆ ಇದು ಗೊತ್ತಾಗಬಾರದು. ಚಾರ್ಜರಿನಿಂದ ಬಿಡಿಸಿ ಕೆಲವು ಗಂಟೆ ಬಿಟ್ಟ 12 ವೋಲ್ಟಿನ ಸೀಲ್ಡ್ ಬ್ಯಾಟರಿ ಪೂರ್ಣ ತುಂಬಿದ್ದರೆ ಸುಮಾರು 12.7 ವೋಲ್ಟ್ ತೋರಿಸುತ್ತದೆ. 12ರ ಸಮೀಪವಿದ್ದರೆ ಅದು ಬಹುಪಾಲು ಬರಿದಾಗಿದೆ. ಬಿಸಿಲಿಗೆ ಕಾಯುವ ತಗಡಿನ ಪೆಟ್ಟಿಗೆಯಲ್ಲಿಟ್ಟ ಬ್ಯಾಟರಿ ಬೇಗ ಸಾಯುತ್ತದೆ.

ಬ್ಯಾಟರಿ ಸರಿಯಿದ್ದರೆ ಟ್ರಾನ್ಸ್‌ಮಿಟರಿನ ಟರ್ಮಿನಲ್ಲಿನಲ್ಲೇ ವೋಲ್ಟೇಜ್ ಅಳೆಯಿರಿ. ಹಣ ಉಳಿಸಲು ಟೆಲಿಫೋನ್ ವೈರು ಎಳೆದಿರುವಲ್ಲಿ ದೋಷ ಇಲ್ಲೇ ಸಿಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಎಳೆ ನೂರು ಮೀಟರ್ ಹೋಗಿ ಬರುವಾಗ ಸುಮಾರು 17.5 ಓಮ್ ರೋಧ ಒಡ್ಡುತ್ತದೆ. 100 ಮಿಲಿ ಆಂಪಿಯರ್ ಹರಿದರೆ 1.75 ವೋಲ್ಟ್ ವೈರಿನಲ್ಲೇ ಕಳೆದುಹೋಗುತ್ತದೆ. ಬ್ಯಾಟರಿ 11.5ಕ್ಕೆ ಇಳಿದ ರಾತ್ರಿ ಸೆನ್ಸರಿಗೆ ಸಿಗುವುದು 9.75 ಮಾತ್ರ, ಹಲವು ಮಾದರಿಗಳಿಗೆ ಬೇಕಾದುದಕ್ಕಿಂತ ಕಡಿಮೆ. ಒಂದು ಚದರ ಮಿಲಿಮೀಟರ್ ವೈರು ಹಾಕಿದರೆ ಈ ನಷ್ಟ 0.35 ವೋಲ್ಟಿಗೆ ಇಳಿಯುತ್ತದೆ.

ಸೋಲಾರ್ ಬೇಲಿ ಇರುವ ತೋಟಗಳಲ್ಲಿ ಇನ್ನೊಂದು ಬಗೆಯ ದೋಷ ಕಾಣುತ್ತದೆ: ರಿಸೀವರಿನ ದೀಪ ಒಂದೊಂದು ಸೆಕೆಂಡಿಗೆ ಒಮ್ಮೆ ಮಿಣುಕುತ್ತದೆ. ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಂದರಂತೆ ಹೆಚ್ಚು ವೋಲ್ಟೇಜಿನ ಮಿಡಿತ ಬಿಡುತ್ತದೆ. ಬೇಲಿಯ ತಂತಿಗೆ ಸಮಾನಾಂತರವಾಗಿ ಸೆನ್ಸರಿನ ವೈರು ಓಡಿದ್ದರೆ ಅದರಲ್ಲೂ ಆ ಮಿಡಿತ ಮೂಡುತ್ತದೆ. ಮೈಸೂರಿನ ಸೀಮೆಯಲ್ಲಿ ಮೀಡಿಯಂ ವೇವ್ ಟ್ರಾನ್ಸಿಸ್ಟರ್ ರೇಡಿಯೋ ಇನ್ನೂ ಕೆಲವು ಮನೆಗಳಲ್ಲಿದೆ. ಅದನ್ನು ನಿಲಯವಿಲ್ಲದ ಜಾಗಕ್ಕೆ ತಿರುಗಿಸಿ ವೈರಿನ ಬಳಿ ಹಿಡಿದರೆ ಟಕ್ ಟಕ್ ಸದ್ದು ಎಲ್ಲಿ ಜೋರಾಗುತ್ತದೆಯೋ ಅಲ್ಲೇ ಕಿರಿಕಿರಿಯ ಮೂಲ. ವೈರನ್ನು ಬೇಲಿಯಿಂದ ದೂರ ಸರಿಸಿ, ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಿ. ಬೇಲಿಗೆ ನೇರ ಮೈನ್ಸ್ ಕರೆಂಟು ಕೊಟ್ಟಿರುವುದು ಕಂಡರೆ ಏನನ್ನೂ ಮುಟ್ಟದೆ ಹಿಂದೆ ಸರಿದು ವಿದ್ಯುತ್ ಸಹಾಯವಾಣಿ 1912ಕ್ಕೆ ತಿಳಿಸಿ. ಅದು ಕಾನೂನುಬಾಹಿರ, ಮನುಷ್ಯರನ್ನೂ ಆನೆಗಳನ್ನೂ ಕೊಲ್ಲುವಂಥದು.

ಕೂಗು ನಿಲ್ಲುವುದೇ ಇಲ್ಲ, ರಿಸೀವರಿನ ದೀಪ ಆರುವುದೇ ಇಲ್ಲ

ಕಿರಣ ಹೊರಡುತ್ತಿಲ್ಲ ಅಥವಾ ತಲುಪುತ್ತಿಲ್ಲ. ಟ್ರಾನ್ಸ್‌ಮಿಟರಿಗೆ ವೋಲ್ಟೇಜ್ ಇದೆಯೆಂದು ಖಚಿತಪಡಿಸಿಕೊಂಡ ಮೇಲೆ ಮೊಬೈಲಿನ ಕ್ಯಾಮೆರಾ ಬಳಸಿ. ಕ್ಯಾಮೆರಾದ ಗ್ರಾಹಕಕ್ಕೆ ಸಮೀಪದ ಅವಕೆಂಪು ಕಾಣುತ್ತದೆ, ಆದರೆ ಹಿಂಬದಿಯ ಕ್ಯಾಮೆರಾದಲ್ಲಿ ಅದನ್ನು ತಡೆಯುವ ಶೋಧಕ ಬಲವಾಗಿರುತ್ತದೆ. ಆದ್ದರಿಂದ ಮೊದಲು ಟಿವಿ ರಿಮೋಟಿನ ಗುಂಡಿ ಒತ್ತಿ, ಮುಂಬದಿ ಮತ್ತು ಹಿಂಬದಿಯ ಯಾವ ಕ್ಯಾಮೆರಾದಲ್ಲಿ ಅದರ ತುದಿ ನೇರಳೆ ಬಿಳುಪಾಗಿ ಬೆಳಗುತ್ತದೆ ನೋಡಿ. ಅದೇ ಕ್ಯಾಮೆರಾವನ್ನು ಮುಸ್ಸಂಜೆಯ ಮಬ್ಬಿನಲ್ಲಿ ಟ್ರಾನ್ಸ್‌ಮಿಟರಿನ ಎದುರು ಹಿಡಿದು ಪರದೆಯನ್ನು ನೋಡಿ, ಮಸೂರವನ್ನಲ್ಲ. ಮಂದವಾಗಿಯಾದರೂ ಹೊಳಪು ಕಂಡರೆ ಕಿರಣ ಹೊರಡುತ್ತಿದೆ, ದೋಷ ಗುರಿಯದೋ ರಿಸೀವರಿನದೋ ಆಗಿರುತ್ತದೆ. ಹೊಳಪು ಕಾಣದಿದ್ದರೆ ಮಾತ್ರ ಅವಸರದ ತೀರ್ಮಾನ ಬೇಡ. ಬಹಳ ಕಿರಿದಾದ ಮಿಡಿತಗಳು ಕ್ಯಾಮೆರಾಕ್ಕೆ ಸಿಗದಿರಬಹುದು.

ಹೊದಿಕೆ ತೆಗೆದಿದ್ದಾಗಲೂ ಸರಿಯಾಗಿ ಕೂರದಿದ್ದಾಗಲೂ, ಯಾರಾದರೂ ಅದನ್ನು ಬಿಚ್ಚಿದರೆ ತಿಳಿಸುವ ಟ್ಯಾಂಪರ್ ಸ್ವಿಚ್ ಒತ್ತಿಕೊಳ್ಳದೆ ಪ್ಯಾನೆಲ್ ಕೂಗುತ್ತಲೇ ಇರುತ್ತದೆ. ಒಂದು ತಿರುಪು ಸಡಿಲವಿದ್ದರೂ ಸಾಕು. ಒಳಗೆ ನೀರಿನ ಕಲೆ, ಹಸಿರು ಕಿಲುಬು ಕಂಡರೆ ಅಲ್ಲಿಗೆ ಮನೆಮಟ್ಟದ ದುರಸ್ತಿ ಮುಗಿಯಿತು.

ಗೇಟು ಮುಚ್ಚುವುದಿಲ್ಲ, ಮುಚ್ಚಲು ಹೋಗಿ ಮತ್ತೆ ತೆರೆದುಕೊಳ್ಳುತ್ತದೆ

ಮೋಟಾರು ಗೇಟಿನ ಎರಡು ಬದಿಯ ಪುಟ್ಟ ಕಣ್ಣುಗಳೂ ಇದೇ ಬಗೆಯವು. ಕೆಸರು, ಜೇಡರ ಬಲೆ, ಕಾರು ತಾಗಿ ವಾರೆಯಾದ ಡಬ್ಬಿ, ಇವಿಷ್ಟನ್ನು ನೋಡಿದರೆ ಹೆಚ್ಚಿನವು ಸರಿಹೋಗುತ್ತವೆ. ಆದರೆ ಆ ಕಣ್ಣುಗಳನ್ನು ತಪ್ಪಿಸಿ ವೈರು ಕೂಡಿಸಿಕೊಳ್ಳುವ ತಾತ್ಕಾಲಿಕ ಉಪಾಯ ಮಾಡಲೇಬೇಡಿ. ಗೇಟಿನಡಿ ಮಗು ಸಿಲುಕದಂತೆ ಕಾಯುವುದು ಆ ಕಿರಣವೇ. ಸರಿಹೋಗುವವರೆಗೆ ಮೋಟಾರನ್ನು ಬಿಡಿಸಿ ಗೇಟನ್ನು ಕೈಯಿಂದ ಎಳೆಯಿರಿ.

ಚಲನೆಗೆ ಹತ್ತುವ ದೀಪ ಬೇಸಿಗೆಯಲ್ಲಿ ಹತ್ತುವುದಿಲ್ಲ

ಇದು ಬೇರೆಯದೇ ಸಾಧನ. ಪಿಐಆರ್ ಎಂಬ ಈ ಸೆನ್ಸರ್ ಕಿರಣ ಬಿಡುವುದಿಲ್ಲ, ನಮ್ಮ ಮೈಯಿಂದ ಹೊಮ್ಮುವ, ಸುಮಾರು 9 ಮೈಕ್ರೋಮೀಟರಿನ ಸುತ್ತ ಗರಿಷ್ಠವಾಗಿರುವ ಉಷ್ಣ ವಿಕಿರಣವನ್ನು ಹಿನ್ನೆಲೆಯಿಂದ ಬೇರ್ಪಡಿಸಿ ಗುರುತಿಸುತ್ತದೆ. ಚರ್ಮದ ಉಷ್ಣತೆ ಸುಮಾರು 33 ಡಿಗ್ರಿ. ಏಪ್ರಿಲಿನ ಮಧ್ಯಾಹ್ನ ಗೋಡೆ, ನೆಲ ಅಷ್ಟೇ ಕಾದಿದ್ದರೆ ವ್ಯತ್ಯಾಸ ಅಳಿಸಿಹೋಗುತ್ತದೆ, ಅದು ದೋಷವಲ್ಲ. ಕಿಟಕಿಯ ಗಾಜಿನ ಹಿಂದಿಟ್ಟರೂ ಕೆಲಸ ಮಾಡದು, ಗಾಜು ಈ ವಿಕಿರಣವನ್ನು ತಡೆಯುತ್ತದೆ. ಆಲೆಮನೆಯ ಕೊಪ್ಪರಿಗೆಯ ಒಲೆಯತ್ತ ಮುಖ ಮಾಡಿದ್ದರೆ ಸುಮ್ಮಸುಮ್ಮನೆ ಹತ್ತುತ್ತದೆ, ದಿಕ್ಕು ಬದಲಿಸಿ.

ಯಾವಾಗ ಕೈಬಿಟ್ಟು ತಂತ್ರಜ್ಞರನ್ನು ಕರೆಯಬೇಕು

ಡಬ್ಬಿ ಮುಟ್ಟಿದಾಗ ಜುಮ್ಮೆನ್ನಿಸಿದರೆ, ಸುಟ್ಟ ವಾಸನೆ ಬಂದರೆ, ಬ್ಯಾಟರಿ ಉಬ್ಬಿದ್ದರೆ, ಸಿಡಿಲು ಬಡಿದ ಮರುದಿನ ಒಂದಕ್ಕಿಂತ ಹೆಚ್ಚು ಸಾಧನ ಒಟ್ಟಿಗೆ ಸತ್ತಿದ್ದರೆ, ಏಣಿ ಹಾಕಿ ಕರೆಂಟು ಕಂಬದ ತಂತಿಯ ಸಮೀಪ ಕೆಲಸ ಮಾಡಬೇಕಾದರೆ, ಅಲ್ಲಿಗೇ ನಿಲ್ಲಿಸಿ ಮೈನ್ ಆಫ್ ಮಾಡಿ. ಗುರಿ, ವೋಲ್ಟೇಜು, ದಾರಿ ಮೂರೂ ಸರಿಯಿದ್ದು ಪರೀಕ್ಷಾ ಕಿಂಡಿಯ ಅಂಕಿ ಮೇಲೇರದಿದ್ದರೆ ಅದು ಒಳಗಿನ ಭಾಗದ ಸೋಲು; ಅದನ್ನು ಬೆಸುಗೆ ಹಾಕಿ ಸರಿಪಡಿಸಲು ಹೋಗದೆ ಜೋಡಿಯನ್ನೇ ಬದಲಾಯಿಸುವುದು ಲೇಸು.

ಕರೆಯುವಾಗ ಕೂಗಿದ ಸಮಯಗಳ ಹಾಳೆ, ಎರಡೂ ತುದಿಯಲ್ಲಿ ಅಳೆದ ವೋಲ್ಟೇಜು, ಪರೀಕ್ಷಾ ಕಿಂಡಿಯ ಅಂಕಿ, ಕಂಬಗಳ ನಡುವಿನ ದೂರ, ರಿಸೀವರ್ ಮುಖ ಮಾಡಿರುವ ದಿಕ್ಕು ಇವನ್ನು ಮೊದಲೇ ಹೇಳಿದರೆ ಬಂದವರ ಅರ್ಧ ಕೆಲಸ ಮುಗಿದಿರುತ್ತದೆ. ಅವರು ಹೊರಡುವ ಮುನ್ನ ಅವರ ಎದುರಿನಲ್ಲೇ ಟ್ರಾನ್ಸ್‌ಮಿಟರಿನ ಬಳಿ, ನಡುವೆ, ರಿಸೀವರಿನ ಬಳಿ ಹೀಗೆ ಮೂರು ಕಡೆ ಒಮ್ಮೆ ನಡೆದು, ಒಮ್ಮೆ ಓಡಿ ದಾಟಿ, ಪ್ರತಿ ಸಲವೂ ಸೈರನ್ ಕೂಗಿತೇ, ಆಮೇಲೆ ಪ್ಯಾನೆಲ್ ಮತ್ತೆ ಕಾವಲಿಗೆ ಸಿದ್ಧವಾಯಿತೇ ಎಂದು ನೋಡಿಕೊಳ್ಳಿ. ಹೊಸ ಅಂಕಿಯನ್ನು ತಾರೀಖಿನೊಂದಿಗೆ ಹೊದಿಕೆಯ ಒಳಬದಿಯಲ್ಲಿ, ಮಸೂರದ ಎದುರಿಗೆ ಬಾರದ ಅಂಚಿನಲ್ಲಿ ಬರೆದು ಅಂಟಿಸಿ.